ಬಾತ್‌ರೂಮಿಗೆ ಅಡ್ಡಬಂದ ಸಂತ

ಫೆಸ್ಟಸ್ ಮಲ್ಕೆರಿನ್‌ನ ಮದುವೆ ಒಂದು ಬಾತ್‌ರೂಮಿಗಾಗಿ ಹನ್ನೊಂದು ವರ್ಷಗಳಿಂದ ಕಾದು ನಿಂತಿತ್ತು. ಹುಡುಗಿ, ಐವತ್ತು ದಾಟಿದವಳನ್ನು ಹುಡುಗಿ ಎನ್ನಬಹುದಾದರೆ, ಒಪ್ಪಿದ್ದಳು. ಪಾದ್ರಿಗಳು ಒಪ್ಪಿದ್ದರು. ಫೆಸ್ಟಸ್‌ನ ತೊಂಬತ್ತು ಕುರಿಗಳದೂ ಏನೂ ತಕರಾರಿರಲಿಲ್ಲ. ಆದರೆ ಆ ಹುಡುಗಿ, ಅಂದರೆ ಕಿಲ್‌ಟೊರ್ಲಾನ್ ಊರಿನ ಒಂದೇ ಒಂದು ಅಂಗಡಿಯನ್ನು ನಡೆಸುವ ವಿಧವೆ ಡೆಲಿಯಾ ಫಾಹರ್ಟಿ, ಮೊದಲ ದಿನವೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

“ನೋಡು ಫೆಸ್ಟಸ್, ಈ ಸಮುದ್ರದ ಗಾಳೀಲಿ ಕೊಡೆ ಹಿಡ್ಕೊಂಡು ಹಿತ್ತಲಿಗೆ ಓಡೋ ವಯಸ್ಸಲ್ಲ ನಂದು. ನಿನ್ ಮನೆ ಒಳಗೆ ಬಿಸಿನೀರು ಬಂದ ದಿನ ನಾನೂ ಬರ್ತೀನಿ.”

ಬಿಸಿನೀರು ಬರಲಿಲ್ಲ. ಒಂದು ವರ್ಷ ಕುರಿಗಳಿಗೆ ಕಾಲುಬೇನೆ, ಒಂದು ವರ್ಷ ಫೆಸ್ಟಸ್‌ಗೇ ಕಾಲುಬೇನೆ, ಉಳಿದ ವರ್ಷಗಳು ಕಟ್ಟಡದ ಪರವಾನಗಿಯ ಅರ್ಜಿಯಲ್ಲಿ ತಪ್ಪು ತುಂಬುವುದರಲ್ಲೂ ತಿದ್ದುವುದರಲ್ಲೂ ಕಳೆದುಹೋದವು. ಕಡೆಗೆ ಡೆಲಿಯಾಳೂ ಬೇಸತ್ತಳು. “ಈ ಬೇಸಿಗೆ ಆದ್ರೆ ಆಯ್ತು. ಇಲ್ಲಾಂದ್ರೆ ಅಂಗಡಿ ಮಾರಿ ಗಾಲ್ವೇ ಪಟ್ಟಣದಲ್ಲಿರೋ ತಂಗಿ ಮನೆಗೆ ಹೋಗ್ತೀನಿ. ಅವಳ ಮನೇಲಿ ಎರಡು ಬಾತ್‌ರೂಮಿದೆ,” ಎಂದಳು. ಎರಡು ಬಾತ್‌ರೂಮಿನ ಎದುರು ಒಬ್ಬ ಫೆಸ್ಟಸ್ ಏನು ತಾನೇ ಮಾಡಿಯಾನು?

ಆದ್ದರಿಂದ ಜೂನ್ ತಿಂಗಳ ಆ ಮಂಗಳವಾರ ಬೆಳಿಗ್ಗೆ, ಊರೂರಿಗೆ ಹೋಗಿ ಪಾಯ ತೋಡಿಕೊಡುವ ಮೊಸ್ಸಿಯ ಜೆಸಿಬಿ ಹಿತ್ತಲಿಗೆ ಬಂದು ನಿಂತಾಗ ಫೆಸ್ಟಸ್ ಅದಕ್ಕೆ ಮುತ್ತಿಡುವುದೊಂದು ಬಾಕಿ. ಮೊಸ್ಸಿ ಸಿಕ್ಕಿದ್ದು ಇದೊಂದೇ ದಿನಕ್ಕೆ. ಮರುದಿನ ಬೆಳಿಗ್ಗೆ ಕಾಂಕ್ರೀಟಿನ ಲಾರಿ. ಅದು ಬಂದುಹೋದ ಮೇಲೆ ಮೊಸ್ಸಿ ತನ್ನ ಯಂತ್ರವನ್ನು ದೋಣಿಗೇರಿಸಿಕೊಂಡು ದ್ವೀಪಗಳಿಗೆ ಹೊರಟರೆ ಮುಂದಿನ ವರ್ಷದವರೆಗೆ ಪತ್ತೆಯಿಲ್ಲ.

ಒಂಬತ್ತು ಗಂಟೆಗೆ ಮೊಸ್ಸಿ ಬಾತ್‌ರೂಮಿನ ಪಾಯಕ್ಕೆ ಅರ್ಧ ಗುಂಡಿ ತೋಡಿ, ಯಂತ್ರ ನಿಲ್ಲಿಸಿ, “ಹೊಟ್ಟೆಗೆ ಹಾಕ್ಕೊಂಡು ಬರ್ತೀನಿ” ಎಂದು ಅಡುಗೆಮನೆಗೆ ಹೋಗಿ ಹಂದಿಮಾಂಸದ ಪಟ್ಟಿಗಳನ್ನು ಹುರಿಯತೊಡಗಿದ. ಫೆಸ್ಟಸ್ ಸುಮ್ಮನಿರಬಾರದೇ? ಗುಂಡಿಯ ಮೂಲೆ ಸರಿಮಾಡೋಣ ಎಂದು ಸಲಿಕೆ ಹಿಡಿದು ಇಳಿದ. ಸಲಿಕೆ ಠಣ್ ಎಂದಿತು.

ಅದೊಂದು ಕಲ್ಲು. ಮೊಣಕಾಲೆತ್ತರ, ಒಂದು ಬೆಳೆದ ಕುರಿಯಷ್ಟು ಭಾರ. ಮಣ್ಣು ಒರೆಸಿ ನೋಡಿದರೆ ಮೇಲೆ ವೃತ್ತ, ವೃತ್ತದೊಳಗೆ ಶಿಲುಬೆ. ಶಿಲುಬೆಯ ಎಡತೋಳಿನ ತುದಿ ಮುರಿದಿತ್ತು.

ಬೇರೆ ಊರಿನವನಾಗಿದ್ದರೆ ಕುಣಿದಾಡುತ್ತಿದ್ದ. ಆದರೆ ನೆಲದಲ್ಲಿ ಹಳೆಯದೇನಾದರೂ ಸಿಕ್ಕರೆ ಏನಾಗುತ್ತದೆಂದು ಆ ಸೀಮೆಯಲ್ಲಿ ಕುರಿಮರಿಗೂ ಗೊತ್ತು. ಪಕ್ಕದ ಊರಿನ ಒಬ್ಬಾತನಿಗೆ ಕೊಟ್ಟಿಗೆಯ ಪಾಯದಲ್ಲಿ ಒಂದು ಒಡಕು ಮಡಕೆ ಸಿಕ್ಕಿತ್ತು. ಪ್ರಾಮಾಣಿಕನಾಗಿ ಸರ್ಕಾರಕ್ಕೆ ಹೇಳಿದ, ಕಟ್ಟಡದ ಕೆಲಸ ನಿಲ್ಲಿಸಿದರು. ಒಂಬತ್ತು ವರ್ಷವಾಯಿತು, ಮಡಕೆಯ ಮೇಲೆ ಪುಸ್ತಕ ಬಂದಿದೆ, ಕೊಟ್ಟಿಗೆಯ ಮೇಲೆ ಚಾವಣಿ ಬಂದಿಲ್ಲ. ದನಗಳು ಮಳೆಯಲ್ಲಿ ನಿಂತು ಇತಿಹಾಸವನ್ನು ಶಪಿಸುತ್ತಿವೆ.

ಸಾಲದ್ದಕ್ಕೆ ಊರಿನಲ್ಲೇ ಡಾಕ್ಟರ್ ಪ್ರೆಂಡರ್‌ಗಾಸ್ಟ್ ಎಂಬ ಪುರಾತತ್ವದ ವಿದ್ವಾಂಸೆ ಬೀಡುಬಿಟ್ಟಿದ್ದರು. ಸಾವಿರದ ನಾನೂರು ವರ್ಷದ ಹಿಂದೆ ಸಂತ ಟೊರ್ಲಾನರು ಇಲ್ಲೆಲ್ಲೋ ಒಂದು ಚರ್ಚು ಕಟ್ಟಿದ್ದರಂತೆ. ಅದರಿಂದಲೇ ಊರಿಗೆ ಆ ಹೆಸರು, ಕಿಲ್ ಎಂದರೆ ಚರ್ಚು. ಹೆಸರೊಂದು ಉಳಿದು ಚರ್ಚು ಮಾಯವಾಗಿತ್ತು. ಡಾಕ್ಟರು ಆರು ಬೇಸಿಗೆಗಳಿಂದ ಅದನ್ನು ಹುಡುಕುತ್ತ, ಸಿಕ್ಕಸಿಕ್ಕ ದಿಬ್ಬಗಳಿಗೆಲ್ಲ ಕೋಲು ಚುಚ್ಚುತ್ತ ಓಡಾಡುತ್ತಿದ್ದರು. ಈ ಕಲ್ಲೇನಾದರೂ ಅವರ ಕಣ್ಣಿಗೆ ಬಿದ್ದರೆ ಬಾತ್‌ರೂಮಿನ ಕತೆ ಮುಗಿದಂತೆ. ಬಾತ್‌ರೂಮಿನ ಜೊತೆಗೆ ಡೆಲಿಯಾಳ ಕತೆಯೂ.

ಫೆಸ್ಟಸ್ ಹಿಂದೆಮುಂದೆ ನೋಡಲಿಲ್ಲ. ಉಸಿರು ಕಟ್ಟಿ ಕಲ್ಲನ್ನು ಒಂಟಿಗಾಲಿಯ ಕೈಗಾಡಿಗೆ ಉರುಳಿಸಿದ, ಮೇಲೊಂದು ಗೋಣಿ ಹೊದಿಸಿದ, ತಳ್ಳಿಕೊಂಡು ಹೊರಟ. ಅಡುಗೆಮನೆಯ ಕಿಟಕಿಯಿಂದ ಮೊಸ್ಸಿ ಕೂಗಿದ, “ಎಲ್ಲಿಗೋ?”

“ಕುರಿಗೆ ಹುಷಾರಿಲ್ಲ!”

“ಗಾಡೀಲಿರೋದು ಕುರೀನಾ?”

“ಹ್ಞೂಂ, ಪಾಪ, ಮಲಗಿದೆ!”

ಮನೆಯ ಪೂರ್ವಕ್ಕೆ ಕೋಲ್ಮನ್ ಜೋ ಎಂಬವನ ಹೊಲ. ಹೊಲವೆಂದರೆ ಹೆಸರಿಗೆ. ಅಲ್ಲಿ ಹುಲ್ಲಿಗಿಂತ ಕಲ್ಲು ಜಾಸ್ತಿ. ಕಲ್ಲಿನ ನಡುವೆ ಕಲ್ಲನ್ನು ಯಾರು ಕೇಳುತ್ತಾರೆ? ಫೆಸ್ಟಸ್ ಅದನ್ನು ಬೇಲಿಗೋಡೆಯ ಆಚೆ ಮಗ್ಗುಲಿಗೆ ಒರಗಿಸಿ, ಈಚೆ ಬಂದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಆಚೆಯಿಂದ ಸಿಳ್ಳೆ ಕೇಳಿಸಿತು. ಸಿಳ್ಳೆ ಕೋಲ್ಮನ್ ಜೋನದು. ಫೆಸ್ಟಸ್ ಗಾಡಿಸಮೇತ ಗೋಡೆಯ ಈಚೆ ಕುಕ್ಕರಿಸಿದ.

ಸಿಳ್ಳೆ ಥಟ್ಟನೆ ನಿಂತಿತು. “ಯೇಸು, ಮೇರಿ, ಜೋಸೆಫ್!” ಎಂಬ ಉದ್ಗಾರ ಬಂತು. ಆಮೇಲೆ ಫೋನಿನಲ್ಲಿ ಚಿತ್ರ ಹಿಡಿದ ಕ್ಲಿಕ್ ಸದ್ದು. ಆಮೇಲೆ ಅದೇ ಫೋನಿನಲ್ಲಿ ಮಾತು.

“ಡಾಕ್ಟರ್? ನಾನು, ಕೋಲ್ಮನ್ ಜೋ. ನನ್ ಹೊಲ್ದಲ್ಲಿ ಸಂತರು ಎದ್ದಿದಾರೆ! ...ಹ್ಞೂಂ, ಶಿಲುಬೆ ಇದೆ! ...ಅಲ್ಲ, ನಿನ್ನೆ ಇರ್ಲಿಲ್ಲ, ಇದ್ದಿದ್ರೆ ಕಾಣ್ತಿರ್ಲಿಲ್ವಾ? ...ಏನು, ಮಣ್ಣಾ? ಅಂಟಿದೆ. ಹಳದಿ ಮಣ್ಣು. ...ಹ್ಞಾಂ, ಮುಟ್ಟಲ್ಲ. ನೀವು ದಾರಿ ತಪ್ತೀರಾ, ಇರಿ, ನಾನೇ ಬಂದು ಕರ್ಕೊಂಡ್ ಬರ್ತೀನಿ!”

ಗೋಡೆಯ ಈಚೆ ಫೆಸ್ಟಸ್‌ಗೆ ಬೆವರು ಕಿತ್ತುಬಂತು. ಇಡೀ ಕಿಲ್‌ಟೊರ್ಲಾನಿನದು ಇದ್ದಿಲಿನಂಥ ಕರಿಮಣ್ಣು. ಹಳದಿ ಜೇಡಿ ಇರುವುದು ಫೆಸ್ಟಸ್‌ನ ಹಿತ್ತಿಲಲ್ಲಿ ಮಾತ್ರ. ಅದು ಊರಿಗೆಲ್ಲ ಗೊತ್ತು, ಯಾಕೆಂದರೆ ಅದರಲ್ಲಿ ಆಲೂಗಡ್ಡೆ ಬೆಳೆಯುವುದಿಲ್ಲವೆಂದು ಫೆಸ್ಟಸ್ ಮೂವತ್ತು ವರ್ಷಗಳಿಂದ ಕಂಡವರ ಮುಂದೆಲ್ಲ ಗೋಳಾಡಿದ್ದ. ಕಲ್ಲನ್ನು ಅಲ್ಲೇ ಬಿಟ್ಟರೆ ಡಾಕ್ಟರು ಮಣ್ಣಿನ ಜಾಡು ಹಿಡಿದು ಸೀದಾ ಗುಂಡಿಗೇ ಬರುತ್ತಾರೆ. ಕೋಲ್ಮನ್ ಜೋ ಮರೆಯಾದದ್ದೇ ತಡ, ಕಲ್ಲು ಮತ್ತೆ ಗಾಡಿ ಏರಿತು.

ಮೊದಲು ಅದನ್ನು ತೊಳೆಯಬೇಕು. ನೀರಿರುವುದು ಮನೆಯ ದಕ್ಷಿಣಕ್ಕೆ, ಇಳಿಜಾರಿನ ಕೆಳಗಿನ ಸಂತರ ಬಾವಿಯಲ್ಲಿ. ಹಲ್ಲುನೋವು ವಾಸಿಮಾಡುವ ಪುಟ್ಟ ಬುಗ್ಗೆ ಅದು. ಕೈಗಾಡಿ ಇಳಿಜಾರಿನಲ್ಲಿ ತನ್ನಿಷ್ಟದಂತೆ ಓಡಿತು, ಫೆಸ್ಟಸ್ ಅದರ ಹಿಂದೆ ತನ್ನಿಷ್ಟಕ್ಕೆ ವಿರುದ್ಧವಾಗಿ ಓಡಿದ. ಕಲ್ಲು ಬಾವಿಯ ಅಂಚಿಗೆ ಹೋಗಿ, ನೀರಿಗೆ ಉರುಳಿ, ಅಲ್ಲಿ ಯಾರೋ ಪೂಜೆಗಿಟ್ಟಂತೆ ನೆಟ್ಟಗೆ ನಿಂತುಕೊಂಡಿತು. ಫೆಸ್ಟಸ್ ತೋಳು ಮಡಚಿ ಗೋಣಿಯಿಂದ ಅದರ ಬೆನ್ನುಜ್ಜಿದ. ತನ್ನ ಬೆನ್ನನ್ನೂ ಅವನು ಅಷ್ಟು ಶ್ರದ್ಧೆಯಿಂದ ಎಂದೂ ಉಜ್ಜಿದವನಲ್ಲ.

ಉಜ್ಜಿ ಮುಗಿಯುವ ಹೊತ್ತಿಗೆ ಜಪದ ಗುಣುಗುಣು ಕೇಳಿಸಿತು. ಮಿಸೆಸ್ ಹನೋರಾ ಟಿರ್ನಿ! ಎಂಬತ್ತು ವರ್ಷದ ಈ ಮುದುಕಿ ಬಾವಿಗೆ ದಿನಾ ಏಳು ಸುತ್ತು ಬರುವವಳು. ಸುತ್ತಿಗೊಂದರಂತೆ ಬೆಣಚುಕಲ್ಲು ಎಣಿಸಿ ಇಡುವವಳು. ಡಾಕ್ಟರು ಉಳಿದುಕೊಂಡಿದ್ದದ್ದೂ ಅವಳ ಮನೆಯಲ್ಲೇ. ಫೆಸ್ಟಸ್‌ಗೆ ಅಡಗಲು ಸಿಕ್ಕಿದ್ದು ಒಂದೇ ಒಂದು ಮುಳ್ಳಿನ ಪೊದೆ. ಗಾಡಿಯನ್ನು ಮೊದಲು ನುಗ್ಗಿಸಿದ, ಹಿಂದಿನಿಂದ ತಾನು ನುಗ್ಗಿದ. ಯಾವ ಮುಳ್ಳು ಎಲ್ಲಿ ಚುಚ್ಚಿತೆಂಬ ವಿವರ ಬೇಡ.

ಮಿಸೆಸ್ ಟಿರ್ನಿ ಮೂರನೇ ಸುತ್ತಿನಲ್ಲಿ ತಲೆ ಎತ್ತಿದಳು. ಕಲ್ಲನ್ನು ಕಂಡಳು. ಅವಳ ಕೈಯಿಂದ ಬೆಣಚುಕಲ್ಲು ಬಿತ್ತು.

“ಬಂದ್ಯಾ, ನಮ್ಮಪ್ಪ!” ಎಂದಳು ಕಲ್ಲಿಗೆ. “ಎಪ್ಪತ್ತು ವರ್ಷದಿಂದ ಸುತ್ತಿದ್ದಕ್ಕೆ ಈಗ ಬಂದ್ಯಲ್ಲ. ಇಷ್ಟು ತಡ ಮಾಡ್ತಾರಾ? ಹಲ್ಲೆಲ್ಲಾ ಉದುರಿಹೋದ್ಮೇಲೆ!”

ಆಮೇಲೆ ಮೊಮ್ಮಗಳು ಕೊಡಿಸಿದ ಫೋನನ್ನು ಏಪ್ರನ್ನಿನ ಜೇಬಿನಿಂದ ತೆಗೆದು, ಮುಕ್ಕಾಲು ಹೆಬ್ಬೆರಳೂ ಕಾಲು ಕಲ್ಲೂ ಬರುವಂಥ ಒಂದು ಚಿತ್ರ ಹಿಡಿದು, ಉಳಿದ ನಾಲ್ಕು ಸುತ್ತನ್ನು ಸಂತರಿಗೆ ಸಾಲ ಹೇಳಿ, ಡಾಕ್ಟರನ್ನು ಕರೆತರಲು ಓಡುನಡಿಗೆಯಲ್ಲಿ ಹೊರಟಳು. ಪೊದೆಯಿಂದ ಹೊರಬಂದ ಫೆಸ್ಟಸ್ ನೋಡಿದರೆ ಗಾಡಿಯ ಚಕ್ರದ ಗುರುತು ಹಸಿ ಹುಲ್ಲಿನಲ್ಲಿ ದಿಬ್ಬದ ಮೇಲಿಂದ ಬಾವಿಯವರೆಗೆ ಗೆರೆ ಎಳೆದಂತೆ ಕಾಣುತ್ತಿತ್ತು. ಇಲ್ಲೂ ಬಿಡುವ ಹಾಗಿಲ್ಲ. ಅವನು ಸಂತ ಟೊರ್ಲಾನರನ್ನು ಮನಸ್ಸಿನಲ್ಲೇ ಒಂದು ಮಾತು ಬೈದು, ಕೂಡಲೇ ಹೆದರಿ ಶಿಲುಬೆಯ ಗುರುತು ಮಾಡಿಕೊಂಡು, ಕಲ್ಲನ್ನು ಮೂರನೆಯ ಸಲ ಎತ್ತಿದ.

ಈ ಸಲ ದೂರ ಒಯ್ಯುವುದೆಂದು ಮನೆಯನ್ನು ಸುತ್ತಿಬಳಸಿ ಉತ್ತರದ ರಸ್ತೆಗೆ ಬಂದ. ಹೊಟ್ಟೆ ಚುರುಗುಟ್ಟುತ್ತಿತ್ತು, ಸೊಂಟ ಬಿದ್ದುಹೋಗಿತ್ತು. ತಿರುವಿನಲ್ಲಿ ವ್ಯಾನಿನ ಸದ್ದು. ಆ ಕೆಮ್ಮು ಅವನಿಗೆ ಚೆನ್ನಾಗಿ ಗೊತ್ತು. ಅದು ಡೆಲಿಯಾಳ ವ್ಯಾನು. ಬಾತ್‌ರೂಮು ಕಟ್ಟಿಸಬೇಕಾದ ದಿನ ನಡುರಸ್ತೆಯಲ್ಲಿ ಕಲ್ಲು ತಳ್ಳುತ್ತ ಸಿಕ್ಕಿಬಿದ್ದರೆ ಅವಳಿಗೆ ಏನೆಂದು ಹೇಳುವುದು? ಕಲ್ಲನ್ನು ರಸ್ತೆಯಂಚಿಗೆ ಕೆಡವಿ, ಗಾಡಿಯನ್ನು ಗೋಡೆಯಾಚೆ ಎಸೆದು, ಗಾಡಿಯ ಮೇಲೆ ತಾನೂ ಬಿದ್ದ.

ವ್ಯಾನು ನಿಂತಿತು. ಡೆಲಿಯಾ ಇಳಿದಳು. ಫೆಸ್ಟಸ್ ಗೋಡೆಯ ಸಂದಿಯಿಂದ ಇಣುಕಿದ. ಅಂಗಡಿಯಲ್ಲಿ ಯಾರನ್ನೂ ನಂಬದ ಆ ಡೆಲಿಯಾ, ಬೆಣ್ಣೆಯನ್ನು ಎರಡೆರಡು ಸಲ ತೂಗುವ ಡೆಲಿಯಾ, ಧೂಳಿನಲ್ಲಿ ಮಂಡಿಯೂರಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ಆ ಮುಖವನ್ನು ಅವನು ಕಂಡಿರಲಿಲ್ಲ. ಅವನಿಗೆ ಅವಳ ಮೇಲೆ ತುಂಬ ಪ್ರೀತಿ ಉಕ್ಕಿತು. ಗೋಡೆ ಹಾರಿ ಎಲ್ಲವನ್ನೂ ಹೇಳಿಬಿಡೋಣವೆನ್ನಿಸಿತು. ಆದರೆ ಪ್ಯಾಂಟು ಗಾಡಿಯ ಹಿಡಿಗೆ ಸಿಕ್ಕಿಕೊಂಡಿತ್ತು, ಬಿಡಿಸಿಕೊಳ್ಳುವಷ್ಟರಲ್ಲಿ ಡೆಲಿಯಾ ಚಿತ್ರ ಹಿಡಿದುಕೊಂಡು ಹೊರಟುಹೋದಳು.

ಇನ್ನು ಉಳಿದಿದ್ದು ಪಶ್ಚಿಮ. ಅಲ್ಲಿ ಜೌಗುನೆಲ, ಜೌಗಿನ ನಡುವೆ ಒಂದು ಕರಿನೀರಿನ ಹೊಂಡ. ಫೆಸ್ಟಸ್‌ನ ಅಜ್ಜನ ಕತ್ತೆಯೊಂದು ಅದರಲ್ಲಿ ಇಳಿದದ್ದು ಇನ್ನೂ ಮೇಲೆ ಬಂದಿಲ್ಲ. ಕಲ್ಲು ಅಂಚಿನಿಂದ ಜಾರಿ ಗುಳುಕ್ಕೆಂದು ಮುಳುಗಿತು. ಎರಡು ಗುಳ್ಳೆ ಎದ್ದವು. ಫೆಸ್ಟಸ್‌ಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

ಅವನು ಮನೆಗೆ ಬಂದಾಗ ಸಂಜೆ ಐದು. ಮೊಸ್ಸಿ ಗುಂಡಿಯನ್ನು ನಾಲ್ಕು ಮೂಲೆ ಚೊಕ್ಕವಾಗಿ ತೋಡಿ ಮುಗಿಸುತ್ತಿದ್ದ. “ಕುರಿ ಹೇಗಿದೆ?” ಎಂದ.

“ಹೋಯ್ತು.”

“ಅಯ್ಯೋ ಪಾಪ. ನಿನ್ ಮುಖ ನೋಡಿದ್ರೆ ನೀನೂ ಜೊತೆಗೆ ಹೋಗಿಬಂದ ಹಾಗಿದೆ.”

ಫೆಸ್ಟಸ್ ಚಹಾಕ್ಕೆ ನೀರಿಟ್ಟ. ನೀರು ಕುದಿಯುವ ಮೊದಲೇ ಅಂಗಳದಲ್ಲಿ ಆ ವ್ಯಾನಿನ ಕೆಮ್ಮು ಕೇಳಿಸಿತು. ಡೆಲಿಯಾ ಇಳಿದಳು. ಹಿಂದಿನ ಬಾಗಿಲಿನಿಂದ ಕೋಲ್ಮನ್ ಜೋ ಇಳಿದ. ಮಿಸೆಸ್ ಟಿರ್ನಿಯನ್ನು ಇಳಿಸಲಾಯಿತು. ಎಲ್ಲರ ಹಿಂದೆ, ಕೂದಲು ಕೆದರಿಕೊಂಡು, ಕನ್ನಡಕ ಹಣೆಗೇರಿಸಿಕೊಂಡು, ಕೈಯಲ್ಲೊಂದು ನಕ್ಷೆಯ ಸುರುಳಿ ಹಿಡಿದು ಡಾಕ್ಟರ್ ಪ್ರೆಂಡರ್‌ಗಾಸ್ಟ್.

“ಮಿಸ್ಟರ್ ಮಲ್ಕೆರಿನ್, ಮೂರು ಕಲ್ಲು!” ಎಂದರು ಡಾಕ್ಟರು. “ಒಂದೇ ದಿನ ಮೂರು! ನಾವು ಹೋಗಿ ನೋಡೋಷ್ಟರಲ್ಲಿ ಮೂರನ್ನೂ ಕದ್ದಿದಾರೆ. ಕಳ್ಳರ ಒಂದು ದೊಡ್ಡ ಗುಂಪೇ ಊರಿಗೆ ಇಳಿದಿದೆ!”

“ಗುಂಪೇ,” ಎಂದ ಕೋಲ್ಮನ್ ಜೋ. “ಆರು ಜನಾನಾದ್ರೂ ಇರ್ಬೇಕು. ಒಬ್ಬಿಬ್ಬರ ಕೈಲಿ ಆಗೋ ಕೆಲಸ ಅಲ್ಲ.”

ಮುಳ್ಳು ತರಚಿದ ಕೈಗಳನ್ನು ಫೆಸ್ಟಸ್ ಮೆಲ್ಲಗೆ ಜೇಬಿಗಿಳಿಸಿದ. ಡಾಕ್ಟರು ವ್ಯಾನಿನ ಮೂತಿಯ ಮೇಲೆ ನಕ್ಷೆ ಹಾಸಿದರು. “ಪುಣ್ಯಕ್ಕೆ ಫೋಟೋ ಇವೆ. ಮೂರೂ ಒಬ್ಬನೇ ಶಿಲ್ಪಿಯ ಕೆಲಸ, ನೋಡಿ! ಇಲ್ಲಿ ಎಡತೋಳು ಮುರಿದಿದೆ, ಇಲ್ಲೂ ಎಡತೋಳೇ. ಮಿಸೆಸ್ ಟಿರ್ನಿಯವರ ಹೆಬ್ಬೆರಳಿನ ಪಕ್ಕದಲ್ಲೂ ಎಡತೋಳೇ ಇಲ್ಲ. ಮುರಿದಿದ್ದಲ್ಲ ಇದು, ಬೇಕೂಂತ ಬಿಟ್ಟಿದ್ದು! ಎಂಥಾ ಕಲ್ಪನೆ!”

“ಎಂಥಾ ಕಲ್ಪನೆ,” ಎಂದ ಫೆಸ್ಟಸ್.

“ಆ ಕಾಲದ ಸಂತರು ಚರ್ಚಿನ ಸುತ್ತ ನಾಲ್ಕು ದಿಕ್ಕಿಗೂ ಒಂದೊಂದು ಶಿಲುಬೆಕಲ್ಲು ನಿಲ್ಲಿಸ್ತಿದ್ರು. ಅದು ಅವರ ಎಲ್ಲೆ. ಅದರೊಳಗೆ ಓಡಿಬಂದವನನ್ನ ರಾಜನೂ ಮುಟ್ಟೋ ಹಾಗಿರ್ಲಿಲ್ಲ. ಈಗ ನೋಡಿ, ಪೂರ್ವದ ಕಲ್ಲು ಕೋಲ್ಮನ್ ಜೋ ಅವರ ಗೋಡೆ ಹತ್ರ. ದಕ್ಷಿಣದ್ದು ಬಾವೀಲಿ. ಉತ್ತರದ್ದು ರಸ್ತೇಲಿ.” ಪೆನ್ಸಿಲು ಮೂರು ಚುಕ್ಕೆಗಳಿಂದ ಒಳಗೊಳಗೆ ಹರಿಯಿತು. “ನಡುಮಧ್ಯ...”

ಪೆನ್ಸಿಲು ನಿಂತಿತು. ಎಲ್ಲರೂ ತಲೆ ಎತ್ತಿ ಮೊಸ್ಸಿಯ ಗುಂಡಿಯನ್ನು ನೋಡಿದರು.

“ರಾಜ ಮುಟ್ಟೋ ಹಾಗಿರ್ಲಿಲ್ಲ,” ಎಂದ ಕೋಲ್ಮನ್ ಜೋ. “ಮೊಸ್ಸಿ ಬೆಳಿಗ್ಗೆಯಿಂದ ಕೆರೀತಾ ಇದಾನೆ.”

“ಯಂತ್ರ ನಿಲ್ಲಿಸಿ!” ಎಂದು ಡಾಕ್ಟರು ಕೈ ಎತ್ತಿದರು. “ನಾನು ಎರಡು ದಿನ ಯೋಚನೆ ಮಾಡ್ಬೇಕು.”

“ಎರಡು ದಿನಾನಾ? ನಾಡಿದ್ದು ನಾನು ದೋಣೀಲಿರ್ತೀನಿ,” ಎಂದ ಮೊಸ್ಸಿ.

ಫೆಸ್ಟಸ್ ಡೆಲಿಯಾಳ ಕಡೆ ನೋಡಿದ. ಡೆಲಿಯಾ ಗುಂಡಿಯ ಕಡೆ ನೋಡುತ್ತಿದ್ದಳು. ಹನ್ನೊಂದು ವರ್ಷ ಕಣ್ಣೆದುರೇ ಕೈತಪ್ಪುತ್ತಿದ್ದರೆ ಎಂಥ ಅಂಜುಬುರುಕನಿಗೂ ಬಾಯಿ ಬರುತ್ತದೆ. ಅವನಿಗೂ ಬಂತು.

“ಮೂರಿಲ್ಲ! ಇರೋದು ಒಂದೇ ಕಲ್ಲು! ನಾನೇ ಗಾಡೀಲಿ ಹೊತ್ಕೊಂಡು ತಿರುಗ್ತಿದ್ದೆ! ಕಳ್ಳರೂ ಇಲ್ಲ, ಎಂಥದೂ ಇಲ್ಲ, ಎಲ್ಲಾ ನಾನೇ!”

ಮೊದಲು ಬಾಯಿ ಬಿಟ್ಟವಳು ಮಿಸೆಸ್ ಟಿರ್ನಿ.

“ನಾಚ್ಕೆ ಆಗ್ಬೇಕು ನಿಂಗೆ, ಫೆಸ್ಟಸ್. ಸಂತರು ನನಗೋಸ್ಕರ ನೀರಿನಿಂದ ಎದ್ದು ಬಂದಿದ್ದು. ನೀನು ಗಾಡೀಲಿ ತಂದ್ಯಂತಾ?”

“ನನ್ ಕಲ್ಲು ಅವರ ಕಲ್ಲಿಗಿಂತ ಒಂದು ಮೊಳ ಎತ್ತರ ಇತ್ತು,” ಎಂದ ಕೋಲ್ಮನ್ ಜೋ. “ಎರಡೂ ಒಂದೇ ಅನ್ನೋಕೆ ನನಗೇನು ಕಣ್ಣಿಲ್ವಾ?”

“ಡೆಲಿಯಾ, ನೀನಾದ್ರೂ ನಂಬು,” ಎಂದ ಫೆಸ್ಟಸ್. “ನೀನು ಮಂಡಿಯೂರಿ ಅತ್ತಿದ್ದನ್ನ ಗೋಡೆ ಹಿಂದಿನಿಂದ ನೋಡಿದೀನಿ.”

ಇದನ್ನು ಹೇಳಬಾರದಿತ್ತು. ಡೆಲಿಯಾಳ ಕೆನ್ನೆ ಕೆಂಪಾಯಿತು. “ನಾನ್ಯಾಕೆ ಅಳ್ಲಿ? ಕಣ್ಣಿಗೆ ಧೂಳು ಬಿದ್ದಿತ್ತು. ನನಗೆ ಸಿಕ್ಕಿದ್ದು ನನ್ನ ಕಲ್ಲು. ಒಂದು ಬಾತ್‌ರೂಮಿಗೋಸ್ಕರ ಊರಿನ ಸಂತರನ್ನೇ ಸುಳ್ಳು ಮಾಡ್ತೀಯಲ್ಲ, ಇಷ್ಟು ಸಣ್ಣ ಮನುಷ್ಯ ಅಂದ್ಕೊಂಡಿರ್ಲಿಲ್ಲ.”

ಡಾಕ್ಟರು ಮಾತ್ರ ಸಮಾಧಾನವಾಗಿ ಕೇಳಿದರು, “ಇರ್ಲಿ, ಒಂದೇ ಕಲ್ಲು ಅಂತಲೇ ಇಟ್ಕೊಳ್ಳೋಣ. ಅದು ಮೊದಲು ನಿಮಗೆ ಎಲ್ಲಿ ಸಿಕ್ತು?”

ಫೆಸ್ಟಸ್ ಬಾಯಿ ತೆರೆದ. ಗುಂಡಿಯನ್ನು ನೋಡಿದ. ಬಾಯಿ ಮುಚ್ಚಿದ. ಸತ್ಯ ಹೇಳಿದರೂ ಅದೇ ಗುಂಡಿ. ಅವನ ಕಣ್ಣು ಗಾಬರಿಯಲ್ಲಿ ನಾಲ್ಕೂ ಕಡೆ ಅಲೆದು, ಸೂರ್ಯ ಇಳಿಯುತ್ತಿದ್ದ ಕಡೆ ನಿಂತಿತು.

“ಅಲ್ಲಿ... ಜೌಗಿನ ಹೊಂಡದಲ್ಲಿ! ಅಲ್ಲೇ ಸಿಕ್ಕಿದ್ದು, ವಾಪಸ್ ಅಲ್ಲೇ ಹಾಕಿದೀನಿ. ಬೇಕಾದ್ರೆ ತೆಗೆದು ತೋರಿಸ್ತೀನಿ. ಆಗ್ಲಾದ್ರೂ ನಂಬ್ತೀರಲ್ಲ?”

ಎಲ್ಲರೂ ಹೊರಟರು. ಮೊಸ್ಸಿಯೂ ಯಂತ್ರದ ಸಮೇತ ಹೊರಟ. ಫೆಸ್ಟಸ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎದೆಯುದ್ದದ ಕರಿನೀರಿಗಿಳಿದ. ಕಾಲಿಗೆ ಏನೋ ತಗುಲಿತು, ಅದು ಅಜ್ಜನ ಕತ್ತೆಯಾಗದಿರಲಿ ಎಂದು ಬೇಡಿಕೊಂಡ. ಮುಳುಗಿದ, ಎದ್ದ, ಮತ್ತೆ ಮುಳುಗಿ ಹಗ್ಗ ಕಟ್ಟಿದ. ಜೆಸಿಬಿಯ ತೋಳು ಮೇಲೆದ್ದಿತು. ಕರಿಮಣ್ಣು ಮೆತ್ತಿದ ಕಲ್ಲು ನೀರು ಸುರಿಸುತ್ತ ಹೊರಬಂತು. ಡಾಕ್ಟರು ಅಂಗೈಯಿಂದ ಅದರ ಮುಖ ಒರೆಸಿದರು. ವೃತ್ತ. ಶಿಲುಬೆ. ಎಡತೋಳಿಲ್ಲ.

“ನೋಡಿ!” ಎಂದ ಫೆಸ್ಟಸ್ ಕೆಸರು ಉಗುಳುತ್ತ. “ಅದೇ ಕಲ್ಲು! ಈಗೇನಂತೀರಿ?”

ಡಾಕ್ಟರ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

“ನಾಲ್ಕನೇದು,” ಎಂದರು. “ಪಶ್ಚಿಮದ ಕಲ್ಲು!”

ಮಿಸೆಸ್ ಟಿರ್ನಿ ಮಂಡಿಯೂರಿದಳು. ಕೋಲ್ಮನ್ ಜೋ ಟೋಪಿ ತೆಗೆದು, “ನಂದಕ್ಕಿಂತ ಚಿಕ್ಕದು, ಆದ್ರೂ ಪರವಾಗಿಲ್ಲ,” ಎಂದ. ಅದೊಂದೇ ಕಲ್ಲೆಂದು ಫೆಸ್ಟಸ್ ಇನ್ನೆರಡು ಸಲ ಕೂಗಿದ, ಆದರೆ ಅವನ ಮಾತನ್ನು ಕೇಳುವವರೇ ಇರಲಿಲ್ಲ. ಡಾಕ್ಟರು ನಕ್ಷೆಯ ಮೇಲೆ ನಾಲ್ಕನೆಯ ಚುಕ್ಕೆಯಿಟ್ಟು ಅಡ್ಡಗೆರೆ ಎಳೆದರು. ಗೆರೆ ಗುಂಡಿಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಹಾದುಹೋಯಿತು. ಮೊಸ್ಸಿ ಯಂತ್ರ ಆರಿಸಿದ.

ಡೆಲಿಯಾ ತನ್ನ ಕೋಟು ಬಿಚ್ಚಿ ನಡುಗುತ್ತಿದ್ದ ಫೆಸ್ಟಸ್‌ನ ಹೆಗಲಿಗೆ ಹೊದಿಸಿದಳು. “ತಪ್ಪು ತಿಳ್ಕೊಂಡೆ ಕಣೋ,” ಎಂದಳು ಮೆತ್ತಗೆ. “ಬಾತ್‌ರೂಮು ಹೋದ್ರೂ ಹೋಗ್ಲಿ ಅಂತ ಇಂಥಾ ನೀರಿಗೆ ಇಳಿದು ಸಂತರ ಕಲ್ಲು ತಂದುಕೊಟ್ಯಲ್ಲ. ನಿನ್ನಂಥವನನ್ನ ಎಷ್ಟು ವರ್ಷ ಬೇಕಾದ್ರೂ ಕಾಯ್ತೀನಿ. ಗಾಲ್ವೇಲೇ ಕಾಯ್ತೀನಿ, ಅಲ್ಲಿ ಬಿಸಿನೀರಿದೆ.”

ಡಾಕ್ಟರು ಬಂದು ಅವನ ಕೆಸರುಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು.

“ನಿಮ್ಮ ಉಪಕಾರ ಹೇಗೆ ತೀರಿಸ್ಲಿ, ಮಿಸ್ಟರ್ ಮಲ್ಕೆರಿನ್? ಬರೀ ಮೂರು ಫೋಟೋ ಇಟ್ಕೊಂಡು ಇಲ್ಲಿ ಅಗೆಯೋಕೆ ಅನುಮತಿ ಕೇಳಿದ್ರೆ ಇಲಾಖೆಯ ಮೇಲಿನವರು ನನ್ನನ್ನ ನೋಡಿ ನಗ್ತಿದ್ರು. ಕೈಯಲ್ಲಿ ಒಂದಾದ್ರೂ ಕಲ್ಲು ಬೇಕಿತ್ತು. ಇದು ಸಿಗದೆ ಹೋಗಿದ್ರೆ, ಯೋಚನೆ ಬಿಟ್ಟು ನಾಳೆ ಕಾಂಕ್ರೀಟು ಸುರ್ಕೊಳ್ಳಿ ಅಂತ ನಾನೇ ಬೆಳಿಗ್ಗೆ ಬಂದು ಹೇಳ್ತಿದ್ದೆ.”